ಪೀಣ್ಯದ ನಮ್ಮ ಶೆಡ್: ಕರೆಂಟ್ ಬಿಲ್ಲಿನ ದುಡ್ಡಲ್ಲೇ ಸೋಲಾರ್ ಕಂತು

ಮೊದಲ ಲಾಕ್‌ಡೌನ್ ಮುಗಿದ ಮೇಲೆ ಶೆಡ್ ಮೇಲೆ ಸೋಲಾರ್ ಹಾಕಿಸುತ್ತೇನೆ ಎಂದಾಗ ನಮ್ಮ ಸಾಲಿನವರದೆಲ್ಲ ಒಂದೇ ಮಾತು: "ಆರ್ಡರೇ ಇಲ್ಲ, ಸಂಬಳಕ್ಕೇ ಪರದಾಟ, ಈಗ ಇದೆಲ್ಲ ಯಾಕೆ ಸಾರ್?" ಅವರಲ್ಲೇ ನಾಲ್ಕೈದು ಮಂದಿ ಈಗ ನನ್ನ ಲೆಕ್ಕ ಕೇಳಿಕೊಂಡು ಬರುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ. ನಮ್ಮದು ಪೌಡರ್ ಕೋಟಿಂಗ್ ಜಾಬ್ ವರ್ಕ್, ಅಂದರೆ ಬೇರೆಯವರ ಲೋಹದ ಭಾಗಗಳಿಗೆ ಪುಡಿ ಬಣ್ಣ ಹಾಕಿ ಕೊಡುವ ಕೆಲಸ. ಬಣ್ಣ ಕಾಯಿಸುವ ಓವನ್ ಗ್ಯಾಸಿನದು, ಕರೆಂಟ್ ತಿನ್ನುವುದು ಕಂಪ್ರೆಸರ್, ಬಣ್ಣದ ಬೂತಿನ ಬ್ಲೋವರ್.

ಚಾವಣಿ ಸೋಲಾರಿಗೆ ಕೇಂದ್ರದ ಸಬ್ಸಿಡಿ ಮನೆಗಳಿಗೆ ಮಾತ್ರ, ನಮ್ಮಂಥವರಿಗೆ ಇಲ್ಲ. ಇದ್ದದ್ದು ಕೊರೊನಾ ಕಾಲದ ಇಸಿಎಲ್‌ಜಿಎಸ್, ಅಂದರೆ ಸರ್ಕಾರದ ಖಾತರಿಯ ತುರ್ತು ಸಾಲ. 2020ರ ಫೆಬ್ರವರಿಯಲ್ಲಿದ್ದ ಹಳೇ ಸಾಲದ ಬಾಕಿಯ ಶೇ 20 ಕೊಡುತ್ತಿದ್ದರು, ಹೊಸ ಅಡಮಾನ ಬೇಕಿರಲಿಲ್ಲ, ಬ್ಯಾಂಕ್ ಬಡ್ಡಿ ಶೇ 9.25 ಮೀರುವಂತಿರಲಿಲ್ಲ, ಮೊದಲ ವರ್ಷ ಅಸಲು ಕಟ್ಟಬೇಕಿರಲಿಲ್ಲ. ನನಗೆ ಬಂದದ್ದು ಸುಮಾರು 7 ಲಕ್ಷ. ಅದು ದುಡಿಯುವ ಬಂಡವಾಳದ ಸಾಲ, ಪ್ಯಾನೆಲ್‌ಗೆ ಬಳಸುವ ದುಡ್ಡಲ್ಲ. ಹಾಗಾಗಿ ಸಂಬಳ, ಪೌಡರ್ ಬಾಕಿ ಎಲ್ಲ ಅದರಲ್ಲೇ ತೀರಿಸಿದೆ. ಸಂಬಳಕ್ಕೆಂದು ಎತ್ತಿಟ್ಟಿದ್ದ ಸ್ವಂತ 3 ಲಕ್ಷ ಕೈಯಲ್ಲಿ ಉಳಿಯಿತಲ್ಲ, ಅದನ್ನೇ ಸೋಲಾರ್ ಸಾಲಕ್ಕೆ ಮಾರ್ಜಿನ್, ಅಂದರೆ ನಮ್ಮ ಕೈಯಿಂದ ಹಾಕಬೇಕಾದ ಪಾಲು, ಮಾಡಿದೆ. ಯಾರಿಗೂ ಹೊಳೆಯದಿದ್ದದ್ದು ಇದೇ.

ಆ ಸೋಲಾರ್ ಸಾಲ ಸುಲಭಕ್ಕೆ ಸಿಗಲಿಲ್ಲ. ಒಂದು ಬ್ಯಾಂಕು ಮನೆ ಪತ್ರ ತನ್ನಿ ಎಂದಿತು. ಇನ್ನೊಂದು ತಿಂಗಳುಗಟ್ಟಲೆ ಅಲೆದಾಡಿಸಿ, ಆ ವರ್ಷದ ವಹಿವಾಟು ಬಿದ್ದಿದೆ ಎಂದು ಫೈಲು ವಾಪಸ್ ಕೊಟ್ಟಿತು. ಕೊರೊನಾ ವರ್ಷದಲ್ಲಿ ಯಾರ ವಹಿವಾಟು ಬಿದ್ದಿರಲಿಲ್ಲ ಹೇಳಿ! ಮೂರನೆಯ ಕಡೆ ಸಣ್ಣ ಉದ್ಯಮಗಳ ಸಾಲಕ್ಕೆ ಖಾತರಿ ನಿಲ್ಲುವ ಸಿಜಿಟಿಎಂಎಸ್‌ಇ ಟ್ರಸ್ಟಿನ ಖಾತರಿಯಲ್ಲಿ ಅಡಮಾನವಿಲ್ಲದೆ 9 ಲಕ್ಷದ ಆಸುಪಾಸು ಮಂಜೂರಾಯಿತು. ಮ್ಯಾನೇಜರ್ ಮುಂದೆ ಇಟ್ಟ ಲೆಕ್ಕವನ್ನು ಪೂರ್ತಿ ಇಲ್ಲಿ ಬಿಚ್ಚಿಡುವುದಿಲ್ಲ. ಬ್ಯಾಲೆನ್ಸ್ ಶೀಟಿಗಿಂತ ಮೊದಲು ಹಳೇ ಕರೆಂಟ್ ಬಿಲ್ಲುಗಳ ಕಟ್ಟು ತೆಗೆದಿಟ್ಟೆ, ಅಷ್ಟೇ ಹೇಳುತ್ತೇನೆ.

ಪ್ಯಾನೆಲ್‌ನವನು ಕರೆಂಟ್ ಕಂಪನಿ ನಮಗೆ ಮಂಜೂರು ಮಾಡಿದ ಲೋಡ್ ಪೂರ್ತಿ, 40 ಕಿಲೋವ್ಯಾಟ್ ಹಾಕಿ ಎಂದ. ನಾನು 25ಕ್ಕೆ ನಿಂತೆ. ಗ್ರಿಡ್ಡಿಗೆ ಬಿಟ್ಟ ಯೂನಿಟ್ಟಿಗೆ ಸಿಗುವ ದರ ನಾವು ಕೊಳ್ಳುವ ದರಕ್ಕಿಂತ ಎಷ್ಟೋ ಕಡಿಮೆ; ಹಗಲು ನಾವೇ ಉರಿಸುವಷ್ಟು ಇದ್ದರೆ ಸಾಕು. ದಿನಕ್ಕೆ ಸರಾಸರಿ 100 ಯೂನಿಟ್ ಬರುತ್ತದೆ, ಆಗಿನ ಕರೆಂಟ್ ದರದಲ್ಲಿ ತಿಂಗಳಿಗೆ 20 ಸಾವಿರದ ಹತ್ತಿರ ಉಳಿತಾಯವಾಗುತ್ತಿತ್ತು. ಐದು ವರ್ಷದ ಸಾಲದ ತಿಂಗಳ ಕಂತೂ ಹೆಚ್ಚುಕಡಿಮೆ ಅಷ್ಟೇ ಇತ್ತು. ಪ್ಯಾನೆಲ್ ಬೆಲೆಯ ಶೇ 40ನ್ನು ಸವಕಳಿ ಎಂದು ಲಾಭದಲ್ಲಿ ಕಳೆದದ್ದರಿಂದ ಮೊದಲ ವರ್ಷ ತೆರಿಗೆಯಲ್ಲಿ ಉಳಿದದ್ದು ಬೇರೆ.

ಆ ತೆರಿಗೆ ಉಳಿತಾಯದಲ್ಲೇ ಮಳೆನೀರಿಗೆ ಕೈ ಹಾಕಿದೆ. 6,000 ಚದರ ಅಡಿ ಶೀಟು; ಒಂದು ಜೋರು ಮಳೆ ಬಂದರೆ ನೆಲದಡಿಯ ಸಂಪಿನೊಳಕ್ಕೆ 20 ಸಾವಿರ ಲೀಟರ್ ಇಳಿಯುತ್ತದೆ. ಬಣ್ಣಕ್ಕೆ ಮೊದಲು ಲೋಹದ ಭಾಗಗಳನ್ನು ಬೋರಿನ ಗಡಸು ನೀರಲ್ಲಿ ತೊಳೆದರೆ ಅವುಗಳ ಮೇಲೆ ಬಿಳಿ ಕಲೆ, ಹಾಗಾಗಿ ನೀರಿನ ಲವಣ ತೆಗೆಯುವ ಡಿಎಂ ಪ್ಲಾಂಟ್ ಬೇಕೇ ಬೇಕು. ಅದಕ್ಕೆ ಮಳೆನೀರು ಹಾಯಿಸಿ ನೋಡಿದೆ: ವಾರಕ್ಕೊಮ್ಮೆ ಮಾಡುತ್ತಿದ್ದ ರೆಸಿನ್ ರೀಜನರೇಷನ್ (ಲವಣ ಹಿಡಿಯುವ ಕಣಗಳನ್ನು ಆಸಿಡ್, ಕಾಸ್ಟಿಕ್ ಹಾಕಿ ತೊಳೆಯುವುದು) ಮಳೆಗಾಲದಲ್ಲಿ ತಿಂಗಳಿಗೊಮ್ಮೆಗೆ ಬಂತು. ಆಸಿಡ್, ಕಾಸ್ಟಿಕ್ ಖರ್ಚು ಎಷ್ಟು ಇಳಿಯಿತು ಎಂಬುದು ಈ ಕಸುಬಿನವರಿಗೆ ಗೊತ್ತು. ಮಳೆನೀರಿನ ಫಿಲ್ಟರಿನಲ್ಲಿ ಏನೇನು ತುಂಬಿದ್ದೇನೆ ಎಂಬುದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

2024ರ ಬೇಸಿಗೆಯಲ್ಲಿ ಬೋರ್‌ವೆಲ್‌ಗಳು ಒಣಗಿ, ಕೊನೆಗೆ ಜಿಲ್ಲಾಡಳಿತವೇ ಟ್ಯಾಂಕರ್ ದರ ಕಟ್ಟಬೇಕಾಯಿತು. ಸಂಪು ನಮ್ಮನ್ನೂ ಪೂರ್ತಿ ಕಾಯಲಿಲ್ಲ, ಮಾರ್ಚ್ ಹೊತ್ತಿಗೆ ತಳ ಕಂಡಿತು. ಆದರೂ ಪಕ್ಕದವರು ನಾಲ್ಕು ಟ್ಯಾಂಕರ್ ತರಿಸಿದ ಕಡೆ ನಮಗೆ ಎರಡು ಸಾಕಾಯಿತು. ಕೋಟಿಂಗ್ ಲೈನ್ ಒಂದು ದಿನವೂ ನಿಲ್ಲಲಿಲ್ಲ.

ನೀತಿ ಮಾಡುವವರಿಗೆ ನನ್ನದೊಂದೇ ಬೇಡಿಕೆ: ಕರೆಂಟು, ನೀರಿನ ಉಳಿತಾಯವನ್ನು ಸಾಲ ಕೊಡುವಾಗ ಆದಾಯವೆಂದು ಎಲ್ಲ ಬ್ಯಾಂಕುಗಳೂ ಹಿಡಿಯುವಂತೆ ಮಾಡಿ. ನಮ್ಮ ಸಾಲಿನ ಆರು ಶೆಡ್ಡಿನವರು ಈಗ ಒಟ್ಟಿಗೆ ಕೊಟೇಶನ್ ಕೇಳಿದ್ದೇವೆ. ಕಿಲೋವ್ಯಾಟಿಗೆ ನಾಲ್ಕೈದು ಸಾವಿರ ಕಡಿಮೆಗೆ ಬರುವ ಹಾಗಿದೆ.