ಮ್ಯಾನೇಜರುಗಳ ವೃತ್ತಿನಿಷ್ಠೆಯನ್ನು ನಾನು ಅಳೆಯುವ ಬಗೆ

"ಇವರಿಗೆ ಕಮಿಟ್‌ಮೆಂಟ್ ಇದೆ, ಅವರಿಗಿಲ್ಲ" ಎಂದು ಮ್ಯಾನೇಜರುಗಳ ಬಗ್ಗೆ ಒಂದೇ ಮಾತಿನಲ್ಲಿ ತೀರ್ಪು ಕೊಟ್ಟುಬಿಡುತ್ತಾರೆ. ಎಚ್‌ಆರ್ ಕೆಲಸದಲ್ಲಿರುವ ನಾನು ಆ ಮಾತನ್ನು ಮೂರಾಗಿ ಬಿಡಿಸುತ್ತೇನೆ. ಸಂಶೋಧಕರಾದ ಕಾರ್ಸನ್ ಮತ್ತು ಬೆಡಿಯನ್ 1994ರಲ್ಲಿ ರೂಪಿಸಿದ 12 ಹೇಳಿಕೆಗಳ ಅಳತೆಗೋಲು ಇದಕ್ಕೆ ಆಧಾರ. ಈ ವೃತ್ತಿ ನನ್ನದು ಎಂಬ ಭಾವ, ಮುಂದಿನ ದಾರಿಯ ಯೋಜನೆ, ಏಟು ಬಿದ್ದರೂ ತಡೆದುಕೊಳ್ಳುವ ಶಕ್ತಿ: ಮೂರಕ್ಕೂ ಬೇರೆ ಬೇರೆ ಅಂಕ. ಸ್ವಭಾವ ತಿಳಿಯಲು ಕರ್ತವ್ಯಪ್ರಜ್ಞೆ, ಆತಂಕ, ಬಹಿರ್ಮುಖತೆ ಮೊದಲಾದ ಐದು ಗುಣಗಳ ಪ್ರಶ್ನಾವಳಿಯನ್ನೂ ಕೊಡುತ್ತೇನೆ.

ಕರ್ತವ್ಯಪ್ರಜ್ಞೆ ಹೆಚ್ಚಿರುವವರ ಯೋಜನೆಯ ಅಂಕ ಸಾಮಾನ್ಯವಾಗಿ ಚೆನ್ನಾಗಿರುತ್ತದೆ. ಆದರೆ ಅಷ್ಟರಿಂದಲೇ ಅವರು ಗಟ್ಟಿಯಾಗಿ ನಿಲ್ಲುತ್ತಾರೆ ಎನ್ನಲಾಗದು. ಒಬ್ಬ ಮ್ಯಾನೇಜರ್ ನೆನಪಾಗುತ್ತಾರೆ. ಯೋಜನೆ, ವೃತ್ತಿಯ ಮೇಲಿನ ಪ್ರೀತಿ ಎರಡರಲ್ಲೂ ಮುಂದು. ಆತಂಕದ ಸ್ವಭಾವ, ತಡೆದುಕೊಳ್ಳುವ ಅಂಕ ತೀರಾ ಕಡಿಮೆ. ಪ್ರತಿ ತ್ರೈಮಾಸಿಕ ರಿವ್ಯೂ ಮುಗಿದಾಗಲೂ "ಈ ಕೆಲಸಕ್ಕೆ ನಾನು ಲಾಯಕ್ಕಿಲ್ಲ" ಎನ್ನುತ್ತಿದ್ದರು. ಮೇಲಧಿಕಾರಿಗೆ ಅದು ಆಸಕ್ತಿಯ ಕೊರತೆಯಾಗಿ ಕಂಡಿತ್ತು. ನಾವಿಬ್ಬರೂ ಕೂತು ಹಿಂದಿನ ತ್ರೈಮಾಸಿಕದ ಒಂದೊಂದು ಹಿನ್ನಡೆಯನ್ನೂ ಬರೆದೆವು: ಯಾವುದು ಅವರ ನಿರ್ಧಾರದಿಂದ ಆದದ್ದು, ಯಾವುದು ಬಜೆಟ್ ಕಡಿತದಿಂದ ಬಂದದ್ದು ಎಂದು. ಅವರದೆನ್ನಬಹುದಾದದ್ದು ಪಟ್ಟಿಯಲ್ಲಿ ಸ್ವಲ್ಪವೇ ಇತ್ತು. ಆಮೇಲೆ ತ್ರೈಮಾಸಿಕದ ದೊಡ್ಡ ವಿಚಾರಣೆಯ ಬದಲು ವಾರಕ್ಕೊಮ್ಮೆ ಮೇಲಧಿಕಾರಿಯ ಜೊತೆ ಚಿಕ್ಕ ಮಾತುಕತೆ ಇಟ್ಟೆವು. ಆತಂಕ ಹೋಗಲಿಲ್ಲ, ಸ್ವಭಾವ ಅಷ್ಟು ಬೇಗ ಬದಲಾಗುವಂಥದ್ದೂ ಅಲ್ಲ. ಆದರೆ ಕೆಲಸ ಬಿಡುವ ಮಾತು ನಿಂತಿತು.

ಬಹಿರ್ಮುಖಿಗಳನ್ನು ನೋಡಿದ ಕೂಡಲೇ ನಿಷ್ಠಾವಂತರು ಎನ್ನಿಸುವುದುಂಟು. ಮ್ಯಾನೇಜರುಗಳ ಕಾರ್ಯಸಾಧನೆಗೂ ಬಹಿರ್ಮುಖತೆಗೂ ನಂಟಿದೆ ಎಂದು ಸಂಶೋಧಕರಾದ ಬ್ಯಾರಿಕ್ ಮತ್ತು ಮೌಂಟ್ 1991ರಲ್ಲೇ ತೋರಿಸಿದ್ದರು, ನಿಜ. ಆದರೆ ಸಾಧನೆ ಬೇರೆ, ನಿಷ್ಠೆ ಬೇರೆ.

ನನಗೆ ಹೆಚ್ಚು ಕಳವಳವಿರುವುದು ಸದ್ದಿಲ್ಲದೆ ವರ್ಷಗಟ್ಟಲೆ ಉಳಿದವರ ಬಗ್ಗೆ. ಪ್ರೀತಿಯಿಂದ ಉಳಿಯುವುದು, ಬಿಟ್ಟರೆ ನಷ್ಟವೆಂದು ಉಳಿಯುವುದು, ಋಣವೆಂದು ಉಳಿಯುವುದು: ಸಂಸ್ಥೆಯ ಮೇಲಿನ ನಿಷ್ಠೆಯಲ್ಲಿ ಮೇಯರ್ ಮತ್ತು ಆ್ಯಲನ್ 1991ರಲ್ಲಿ ಗುರುತಿಸಿದ ಈ ಮೂರು ಬಗೆ ವೃತ್ತಿಗೂ ಹೊಂದುತ್ತದೆ. ಆತಂಕ ಹೆಚ್ಚಿರುವವರಲ್ಲಿ ಎರಡನೆಯದನ್ನೇ ನಾನು ಹೆಚ್ಚಾಗಿ ಕಂಡಿದ್ದೇನೆ. ಅದಕ್ಕೇ "ಎಷ್ಟು ವರ್ಷವಾಯಿತು" ಎಂದು ಕೇಳುವ ಮೊದಲು "ನಾಳೆ ಇಷ್ಟೇ ಸಂಬಳದ ಬೇರೆ ವೃತ್ತಿ ಸಿಕ್ಕರೆ?" ಎಂದು ಕೇಳುತ್ತೇನೆ.

ಈ ಅಂಕಗಳನ್ನು ಬಡ್ತಿ ಸಮಿತಿಗೆ ಯಾವತ್ತೂ ಕೊಡುವುದಿಲ್ಲ. ಬಡ್ತಿಗೆ ಅವು ಲೆಕ್ಕಕ್ಕೆ ಬರುತ್ತವೆಂದು ಗೊತ್ತಾಗಿದ್ದರೆ, ಆತಂಕದ ಸ್ವಭಾವದ ಆ ಮ್ಯಾನೇಜರ್ ನನ್ನೆದುರು ತಮ್ಮ ಭಯವನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ.