ಸೋಗಾನೆ ವಿಮಾನಕ್ಕೆ ಹೊಟ್ಟೆ ತುಂಬುವ ಸ್ಯಾಂಡ್‌ವಿಚ್: ನನ್ನ ಅನುಭವ

“ಮಲೆನಾಡಿನವರು ಬ್ರೆಡ್ಡು ತಿನ್ನುವುದು ಜ್ವರ ಬಂದಾಗ ಮಾತ್ರ. ನಿನ್ನ ಸ್ಯಾಂಡ್‌ವಿಚ್ ಯಾರು ತಗೋತಾರೆ ಮಾರಾಯ?” ಹೀಗೆ ಕೇಳಿದವರಲ್ಲಿ ನಮ್ಮ ಬೇಕರಿ ಲೈನಿನವರೇ ಜಾಸ್ತಿ. ಈಗ ಅವರಲ್ಲೇ ಕೆಲವರು ಅಳತೆ ಕೇಳಲು ಬರುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

2023ರ ಆಗಸ್ಟ್ 31ಕ್ಕೆ ಶಿವಮೊಗ್ಗದ ಸೋಗಾನೆ ವಿಮಾನ ನಿಲ್ದಾಣದಿಂದ ಬೆಂಗಳೂರಿಗೆ ವಿಮಾನ ಶುರುವಾಯಿತು. ಟರ್ಮಿನಲ್‌ಗೆ ಹೋಗುವವರನ್ನು ನಾನು ಸುಮಾರು ದಿನ ಗಮನಿಸಿದೆ. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯವರು ತಿರುವಿನ ರಸ್ತೆಯಲ್ಲಿ ವಾಂತಿಯಾದೀತು ಎಂದು ಮನೆಯಲ್ಲಿ ಏನೂ ತಿನ್ನದೆ ಹೊರಡುತ್ತಾರೆ. ಶಿವಮೊಗ್ಗ ಮುಟ್ಟುವಷ್ಟರಲ್ಲಿ ಕೆಟ್ಟ ಹಸಿವು. ಹೋಟೆಲಲ್ಲಿ ಕೂರಲು ಪುರುಸೊತ್ತಿಲ್ಲ, ಒಂದು ಗಂಟೆ ಮೊದಲೇ ಕೌಂಟರ್ ಮುಚ್ಚುತ್ತದೆ. ಇವರಿಗೆ ಕೈಯಲ್ಲಿ ಹಿಡಿದು ತಿನ್ನುವ, ಎರಡು ಮೂರು ಗಂಟೆ ಕೆಡದ, ಊಟದಷ್ಟು ಗಟ್ಟಿಯಾದ ಒಂದು ಐಟಂ ಬೇಕು.

ಟೊಮೆಟೊ, ಸೌತೆಕಾಯಿ, ಹಸಿರು ಚಟ್ನಿ ಹಾಕಿದ ಮಾಮೂಲಿ ಸ್ಯಾಂಡ್‌ವಿಚ್ ಇಲ್ಲಿ ನಡೆಯಲ್ಲ. ಅಂಗಡಿಯಲ್ಲಿ ಚೆನ್ನಾಗಿರುತ್ತದೆ. ಸೆಕ್ಯೂರಿಟಿ ದಾಟಿ ಕೂತು ಬಿಚ್ಚಿದರೆ ಬ್ರೆಡ್ಡು ಮುದ್ದೆ. ಸೌತೆಕಾಯಿಗೆ ಉಪ್ಪು ಹಚ್ಚಿ ಹಿಂಡಿ ನೋಡಿದೆ, ಆಗಲೂ ನೀರು ಬಿಟ್ಟಿತು. ಗ್ರಿಲ್ ಮಾಡಿ ಕೊಟ್ಟೆ, ಆರಿದ ಮೇಲೆ ಚಕ್ಕಳ. ತೆಂಗಿನಕಾಯಿ ಚಟ್ನಿ ಬೇಸಿಗೆಯಲ್ಲಿ ಮಧ್ಯಾಹ್ನದೊಳಗೆ ಹುಳಿ. ಆ ನಾಲ್ಕೈದು ತಿಂಗಳಲ್ಲಿ ಎಸೆದದ್ದು, ಹುಡುಗರಿಗೆ ಕೊಟ್ಟದ್ದು, ಗಿರಾಕಿಗೆ ದುಡ್ಡು ವಾಪಸ್ ಮಾಡಿದ್ದು ಎಲ್ಲ ಸೇರಿ ಹದಿನೈದು ಸಾವಿರದ ಹತ್ತಿರ ಹೋಯಿತು. ಮನೆಯವಳು ಲೆಕ್ಕದ ಪುಸ್ತಕವನ್ನೇ ತೆಗೆದಿಟ್ಟಳು.

ದಾರಿಗೆ ಬಂದದ್ದು ಬ್ರೆಡ್ಡಿನ ಒಳಮೈ ಮಾತ್ರ ಕಾಯಿಸಿದಾಗ. ಹಿಂದಿನ ದಿನದ ಲೋಫ್, ಮಷೀನಿಗೆ ಕೊಡದೆ ಕೈಯಲ್ಲೇ ಕೊಯ್ದ ಬೆರಳು ದಪ್ಪದ ಸ್ಲೈಸು. ಪಲ್ಯ ಕೂರುವ ಮೈಗೆ ಅಂಚಿನವರೆಗೂ ಬೆಣ್ಣೆ ಸವರಿ ಕಾವಲಿ ಮೇಲೆ ಕೆಂಪಗೆ ಮಾಡುತ್ತೇನೆ. ಹೊರಮೈ ಮುಟ್ಟುವುದಿಲ್ಲ. ಒಳಗೆ ನೀರು ಇಳಿಯಲ್ಲ, ಹೊರಗೆ ಮೆತ್ತಗೇ ಇರುತ್ತದೆ. ಆಮೇಲೆ ಪೂರ್ತಿ ಆರಬೇಕು. ಜಾಲರಿ ಮೇಲೆ, ಫ್ಯಾನ್ ಕೆಳಗೆ, ಇಪ್ಪತ್ತು ನಿಮಿಷ. ಬಿಸಿ ಇರುವಾಗಲೇ ಸುತ್ತಿದರೆ ಅಷ್ಟೂ ಕೆಲಸ ದಂಡ. ಸುತ್ತಲು ಬಟರ್ ಪೇಪರ್ ಮಾತ್ರ, ಪ್ಲಾಸ್ಟಿಕ್ ಡಬ್ಬಿ ಬೇಡವೇ ಬೇಡ.

ಒಳಗೆ ಏನು? ಬೇಸಿಗೆಯಲ್ಲಿ ಎಳೆ ಹಲಸಿನಕಾಯಿ. ಬೇಯಿಸಿ, ಬಟ್ಟೆಯಲ್ಲಿ ಕಟ್ಟಿ ರುಬ್ಬುಗುಂಡು ಹೇರಿ ನೀರು ತೆಗೆದು, ಜಜ್ಜಿ, ಕಾಳುಮೆಣಸು ಹಾಕಿ ಉದುರುದುರಾಗಿ ಹುರಿಯುತ್ತೇನೆ. ಕಾಯಿ ಬಲಿತ ಮೇಲೆ ಆಲೂಗಡ್ಡೆ, ಬೀನ್ಸ್. ಹಸಿ ಈರುಳ್ಳಿ ಹಾಕುವುದೇ ಇಲ್ಲ. ಬೆಂಗಳೂರಿಗೆ ಹೋಗುವ ಆ ಚಿಕ್ಕ ಎಟಿಆರ್ ವಿಮಾನದಲ್ಲಿ ಪಕ್ಕದವರು ಮೂಗು ಮುಚ್ಚಿಕೊಳ್ಳುತ್ತಾರೆ. ಚಟ್ನಿ ಕೊತ್ತಂಬರಿ, ಹಸಿಮೆಣಸು, ಹುರಿಗಡಲೆಯದು, ಚಮಚ ನಿಲ್ಲುವಷ್ಟು ಗಟ್ಟಿ. ಅದು ಕಪ್ಪಾಗದ ಹಾಗೆ ಇನ್ನೊಂದು ಹಾಕುತ್ತೇನೆ. ನಿಂಬೆಹಣ್ಣಲ್ಲ. ಉಳಿದದ್ದು ನೀವೇ ಹುಡುಕಿಕೊಳ್ಳಿ.

ಬೇರೆ ಹುಚ್ಚಾಟಗಳೂ ಆದವು. ಅಕ್ಕಿರೊಟ್ಟಿಯಲ್ಲಿ ಪಲ್ಯ ಸುತ್ತಿದೆ, ಆರಿದ ಮೇಲೆ ಮುರಿದು ಮಡಿಲಿಗೆ ಬಿತ್ತು. ಮಳೆಗಾಲದಲ್ಲಿ ಕಳಲೆ ಪಲ್ಯ ತುಂಬಿದೆ. ನನಗಂತೂ ಬಹಳ ರುಚಿ, ಆದರೆ ಆ ವಾಸನೆಗೆ ಬೆಂಗಳೂರಿನವರು ಹೆದರಿದರು. ಖಾರಾ ಬನ್ ಸೀಳಿ ಬೆಣ್ಣೆ, ಅಪ್ಪೆಮಿಡಿ ಉಪ್ಪಿನಕಾಯಿಯ ರಸ ಸವರಿದ್ದು ಮಾತ್ರ ಗೆದ್ದಿತು. ಅದು ಅಂಗಡಿಯಲ್ಲೇ ಖಾಲಿಯಾಗುತ್ತದೆ, ವಿಮಾನದವರೆಗೆ ಹೋಗುವುದೇ ಇಲ್ಲ.

ಇನ್ನು ದುಡ್ಡು. ಮೊದಲು 60 ರೂಪಾಯಿಗೆ ಮಾರಿದೆ, ಬೆಣ್ಣೆಯ ಲೆಕ್ಕ ಹಿಡಿದರೆ ಏನೂ ಉಳಿಯುತ್ತಿರಲಿಲ್ಲ. ಈಗ 110. ಹೆಚ್ಚುಕಮ್ಮಿ ಕಾಲು ಕೆ.ಜಿ. ತೂಗುತ್ತದೆ, ಖರ್ಚು ಐವತ್ತರ ಆಸುಪಾಸು. ಜಾಸ್ತಿಯಾಯಿತು ಅನ್ನುವವರಿಗೆ ದೊಡ್ಡ ನಿಲ್ದಾಣದ ಒಳಗೆ ಸ್ಯಾಂಡ್‌ವಿಚ್ ಎಷ್ಟಿದೆ ಕೇಳಿಕೊಂಡು ಬನ್ನಿ ಅನ್ನುತ್ತೇನೆ.

ವ್ಯಾಪಾರ ಎದ್ದದ್ದು ಬೋರ್ಡಿನಿಂದ ಅಲ್ಲ, ಟ್ಯಾಕ್ಸಿ ಡ್ರೈವರ್‌ಗಳಿಂದ. ಕಮಿಷನ್ ಕೊಟ್ಟು ನೋಡಿದೆ, ಒಬ್ಬರಿಗೆ ಕೊಟ್ಟರೆ ಇನ್ನೊಬ್ಬರಿಗೆ ಕೋಪ. ಅದನ್ನು ಬಿಟ್ಟು, ಗಾಡಿ ನಿಲ್ಲಿಸಿದವರಿಗೆಲ್ಲ ಒಂದು ಚಾ, ಒಂದು ಬೆಣ್ಣೆ ಬನ್ ಕೊಡತೊಡಗಿದೆ. ಹತ್ತೋ ಹನ್ನೆರಡೋ ಹೋಗುತ್ತಿದ್ದ ಕಡೆ ಈಗ ಒಳ್ಳೆಯ ದಿನ ಮೂವತ್ತೈದು ನಲವತ್ತು ಹೋಗುತ್ತದೆ.

ಜುಲೈಯಲ್ಲಿ ಮೋಡ ಕವಿದು ವಿಮಾನ ರದ್ದಾದರೆ ಮಾಡಿಟ್ಟದ್ದೆಲ್ಲ ಉಳಿಯುತ್ತದೆ. ಹಾಗಾಗಿ ಮಳೆಗಾಲದಲ್ಲಿ ಹಿಂದಿನ ರಾತ್ರಿ ವಾಟ್ಸಾಪ್‌ನಲ್ಲಿ ಹೇಳಿದವರಿಗಷ್ಟೇ ಮಾಡುತ್ತೇನೆ. ವಿಮಾನ ತಡವಾದ ದಿನ ಮಾತ್ರ ಒಳಗಿದ್ದವರೇ ಫೋನ್ ಮಾಡಿ ಇನ್ನೆರಡು ಕಳಿಸಿ ಅನ್ನುತ್ತಾರೆ. ಅದಕ್ಕೊಂದು ದಾರಿ ಇನ್ನೂ ಸಿಕ್ಕಿಲ್ಲ. ಅಳತೆ ಕೇಳುವವರು ಹನ್ನೊಂದರ ಮೇಲೆ ಬನ್ನಿ, ಬೆಳಗ್ಗೆ ತಲೆ ಎತ್ತಲೂ ಆಗಲ್ಲ.