ಮೂಳೆ ಕೂಡಿದರೂ ನೋವು ಬಿಡದಿದ್ದರೆ: ಮೆಗ್ನೀಸಿಯಂ ಪರೀಕ್ಷೆ, ಊಟ, ಮಾತ್ರೆ ಹೇಗೆ?

ಮಣಿಕಟ್ಟು ಮುರಿದು ಪ್ಲಾಸ್ಟರ್ ಬಿಚ್ಚಿದ ಮೇಲೂ ಕೈ ಉರಿಯುತ್ತಿದೆಯೇ? ಊದಿಕೊಂಡು, ಒಮ್ಮೆ ಕೆಂಪಗೆ ಒಮ್ಮೆ ನೀಲಿಯಾಗಿ, ತೋಳಿನ ಬಟ್ಟೆ ತಾಕಿದರೂ ಜೀವ ಹೋಗುವಂತಿದೆಯೇ? ಇದು ಸಿಆರ್‌ಪಿಎಸ್ (ಗಾಯ ಮಾಗಿದರೂ ನೋವು ಬಿಡದೆ ಕಾಡುವ ತೊಂದರೆ) ಇರಬಹುದು. ಮೊದಲು ಮೂಳೆ ತಜ್ಞರಿಗೆ ತೋರಿಸಿ, ಮೆಡಿಕಲ್ ಸ್ಟೋರ್ ಆಮೇಲೆ. ಪ್ಲಾಸ್ಟರ್ ಇರುವಾಗಲೇ ಬೆರಳು ಮರಗಟ್ಟಿ ನೀಲಿಯಾದರೆ ಬೆಳಗಿನ ತನಕವೂ ಕಾಯಬೇಡಿ.

ಮೆಗ್ನೀಸಿಯಂ ಮಾತು ಬರುವುದೇಕೆ? ನರಕೋಶದ ಮೇಲೆ ಎನ್‌ಎಂಡಿಎ ಗ್ರಾಹಕ ಎಂಬ, ನೋವನ್ನು ಹಿಗ್ಗಿಸುವ ಬಾಗಿಲಿದೆ; ಮೆಗ್ನೀಸಿಯಂ ಅದಕ್ಕೆ ಅಗುಳಿಯಿದ್ದಂತೆ. ನೋವಿನ ಸಂಕೇತ ಬಿಡದೆ ಬರುತ್ತಿದ್ದರೆ ಅಗುಳಿ ಸರಿಯುತ್ತದೆ. ಆದರೆ ನೆದರ್ಲೆಂಡ್ಸ್‌ನಲ್ಲಿ ಬಹುಕಾಲದಿಂದ ಸಿಆರ್‌ಪಿಎಸ್ ಇರುವ ರೋಗಿಗಳಿಗೆ ದಿನಕ್ಕೆ 4 ಗಂಟೆಯಂತೆ 5 ದಿನ ಮೆಗ್ನೀಸಿಯಂ ಡ್ರಿಪ್ ಕೊಟ್ಟು ನೋಡಿದಾಗ, ಹುಸಿ ಔಷಧಕ್ಕಿಂತ ಹೆಚ್ಚೇನೂ ಗುಣ ಕಾಣಲಿಲ್ಲ. ಹಾಗಾಗಿ ಕೊರತೆ ಇದ್ದರೆ ತುಂಬಿಸಿ. ನೋವಿನ ಮದ್ದೆಂದು ನುಂಗಬೇಡಿ.

ಗ್ಯಾಸ್ ಮಾತ್ರೆ ಎಂದು ಪ್ಯಾಂಟೊಪ್ರಜೋಲನ್ನು ವರ್ಷಗಟ್ಟಲೆ ನುಂಗುವವರು, ಮೂತ್ರ ಹೆಚ್ಚಿಸುವ ಮಾತ್ರೆ, ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ, ಕುಡಿತ ಅಥವಾ ತೀರದ ಭೇದಿ ಇರುವವರು ಸೀರಂ (ರಕ್ತದ ದ್ರವಭಾಗ) ಮೆಗ್ನೀಸಿಯಂ ಪರೀಕ್ಷೆ ಮಾಡಿಸಲಿ; ಇವುಗಳಿಂದ ಮೆಗ್ನೀಸಿಯಂ ಇಳಿಯಬಹುದು. ಜೊತೆಗೆ ಪೊಟ್ಯಾಸಿಯಂ, ಕ್ಯಾಲ್ಸಿಯಂ, ಕಿಡ್ನಿಯ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಕೂಡ. ಮೆಗ್ನೀಸಿಯಂ ಸುಮಾರು 1.7ರಿಂದ 2.2 ಮಿ.ಗ್ರಾಂ/ಡೆಸಿಲೀಟರ್ ಇದ್ದರೆ ಸಾಮಾನ್ಯ, ಲ್ಯಾಬ್‌ನಿಂದ ಲ್ಯಾಬ್‌ಗೆ ತುಸು ವ್ಯತ್ಯಾಸವಿರುತ್ತದೆ. ದೇಹದ ಮೆಗ್ನೀಸಿಯಂನಲ್ಲಿ ಸೀರಂನಲ್ಲಿರುವುದು ಶೇ 1ಕ್ಕೂ ಕಡಿಮೆ, ಅರ್ಧಕ್ಕಿಂತ ಹೆಚ್ಚು ಮೂಳೆಯಲ್ಲಿದೆ. ವರದಿ ಸರಿಯಿದ್ದ ಮಾತ್ರಕ್ಕೆ ಕೊರತೆ ಇಲ್ಲವೆಂದಲ್ಲ. ವರದಿಯಲ್ಲಿ ‘ಹಿಮೊಲೈಸ್ಡ್’ ಎಂದಿದ್ದರೆ ಮತ್ತೆ ರಕ್ತ ಕೊಡಿ: ಒಡೆದ ಕೆಂಪುಕಣಗಳಿಂದ ಸೋರಿದ ಮೆಗ್ನೀಸಿಯಂ ಅಂಕಿಯನ್ನು ಏರಿಸಿರುತ್ತದೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಪ್ರಕಾರ ಗಂಡಸಿಗೆ ದಿನಕ್ಕೆ 440, ಹೆಂಗಸಿಗೆ 370 ಮಿ.ಗ್ರಾಂ ಮೆಗ್ನೀಸಿಯಂ ಬೇಕು. 100 ಗ್ರಾಂ ರಾಗಿ ಹಿಟ್ಟಿನ ಮುದ್ದೆಯಲ್ಲಿ ಸುಮಾರು 140, ಹಿಡಿ ಕುಂಬಳಬೀಜದಲ್ಲಿ ಸುಮಾರು 150. ಪಾಲಿಶ್ ಅಕ್ಕಿಯಲ್ಲಿ ತೀರಾ ಕಡಿಮೆ.

ಮಾತ್ರೆ ಬೇಕೆಂದರೆ ಲೇಬಲ್‌ನಲ್ಲಿ ‘ಎಲಿಮೆಂಟಲ್’ (ನಿಜವಾಗಿ ಇರುವ ಮೆಗ್ನೀಸಿಯಂ) ಅಂಕಿ ಹುಡುಕಿ. 400 ಮಿ.ಗ್ರಾಂ ಮೆಗ್ನೀಸಿಯಂ ಆಕ್ಸೈಡ್‌ನಲ್ಲಿ ಮೆಗ್ನೀಸಿಯಂ ಇರುವುದು 240. ಅದೂ ಸರಿಯಾಗಿ ಹೀರಿಕೊಳ್ಳದೆ ಹೊಟ್ಟೆ ಕೆಡಿಸುತ್ತದೆ. ಸಿಟ್ರೇಟ್ ಮೇಲು. ಊಟದ್ದು ಬಿಟ್ಟು, ಮಾತ್ರೆಯ ಮೆಗ್ನೀಸಿಯಂ ವೈದ್ಯರು ಹೇಳದೆ ದಿನಕ್ಕೆ 350 ಮಿ.ಗ್ರಾಂ ದಾಟಬೇಡಿ. ಕಿಡ್ನಿ ತೊಂದರೆ ಇದ್ದವರು ಮುಟ್ಟಲೇಬಾರದು. ರಕ್ತದಲ್ಲಿ ಶೇಖರವಾಗಿ ಹೃದಯದ ಬಡಿತವನ್ನೇ ಕೆಡಿಸೀತು. ಥೈರಾಯ್ಡ್ ಮಾತ್ರೆಗೂ ಇದಕ್ಕೂ 4 ಗಂಟೆ ಅಂತರವಿರಲಿ.

ಈ ನೋವಿನಲ್ಲಿ ನಿಜವಾದ ಕೆಲಸ ಫಿಸಿಯೋಥೆರಪಿಯದು. ಕೈಯನ್ನು ಜೋಲಿಯಲ್ಲಿ ಜೋಪಾನ ಮಾಡಿದಷ್ಟೂ ಬಿಗಿಯುತ್ತದೆ. ಚರ್ಮವನ್ನು ಸ್ಪರ್ಶಕ್ಕೆ ಒಗ್ಗಿಸಲು ಮೊದಲು ಹತ್ತಿ, ಅದು ಸಹ್ಯವಾದ ಮೇಲೆ ಮೆತ್ತನೆ ಬಟ್ಟೆ, ಕೊನೆಗೆ ಟವೆಲ್. ಒಂದೊಂದು ಸಲಕ್ಕೆ ಕೆಲವೇ ನಿಮಿಷ, ದಿನಕ್ಕೆ ಹಲವು ಸಲ ಸವರಿ. ಮಾತ್ರೆ ನುಂಗಿಯೂ ಮೆಗ್ನೀಸಿಯಂ ಏರದಿದ್ದರೆ ಡೋಸ್ ಹೆಚ್ಚಿಸುವ ಮುಂಚೆ ಆ ಗ್ಯಾಸ್ ಮಾತ್ರೆ ಇನ್ನೂ ಬೇಕೇ ಎಂದು ವೈದ್ಯರನ್ನು ಕೇಳಿ.